ಲಿಫ್ಟ್ ದುರಸ್ತಿಯ ಹಾಳೆಗೆ ಸಹಿ ಯಾರದು?

ಮುಂಬಯಿಯ ಪೂರ್ವ ಉಪನಗರದ ಪುನರ್ವಸತಿ ಕಟ್ಟಡವೊಂದರ ಏಳನೆಯ ಮಹಡಿಯಲ್ಲಿ ಯಾದಗಿರಿ ಕಡೆಯ ಕುಟುಂಬವೊಂದಿದೆ. ಕಳೆದ ಮಳೆಗಾಲದಲ್ಲಿ ಅಲ್ಲಿನ ಲಿಫ್ಟ್ ಹತ್ತೊಂಬತ್ತು ದಿನ ನಿಂತಿತ್ತು. ಮಂಡಿನೋವಿನ ಅಜ್ಜಿ ಅಷ್ಟೂ ದಿನ ನೆಲ ಮುಟ್ಟಲಿಲ್ಲ. ಔಷಧಿ ಮುಗಿದ ದಿನ ಮೊಮ್ಮಗ ಅವರನ್ನು ಬೆನ್ನ ಮೇಲೆ ಹೊತ್ತು ಇಳಿಸಿದ. ನಾನು ಹೋಗಿ ಕಾವಲುಗಾರನ ಮೇಜಿನ ಖಾನೆಯಲ್ಲಿದ್ದ ಸರ್ವಿಸ್ ಹಾಳೆ ನೋಡಿದೆ. ಲಿಫ್ಟ್ ನಿಂತಿದ್ದ ಅದೇ ತಿಂಗಳ ಎದುರಿಗೆ ‘ಸರ್ವಿಸ್ ಆಗಿದೆ, ಲಿಫ್ಟ್ ಸುಸ್ಥಿತಿಯಲ್ಲಿದೆ’ ಎಂದು ಬರೆದಿತ್ತು, ಕೆಳಗೆ ಕಾವಲುಗಾರನ ಸಹಿ. ‘ಹಾಕು ಎಂದರು, ಹಾಕಿದೆ’ ಎಂದ ಅವನು. ಆ ಹಾಳೆಯ ಮೇಲೆಯೇ ಗುತ್ತಿಗೆದಾರನ ಬಿಲ್ ಪಾಸಾಗುತ್ತದೆ.

ಲಿಫ್ಟ್ ಕೆಟ್ಟಾಗ ನಾವು ಬೈಯುವುದು ರಿಪೇರಿಗೆ ಬರುವ ಹುಡುಗನನ್ನು. ಅವನ ಕೈಯಲ್ಲಿರುವುದು ಸ್ಪ್ಯಾನರ್ ಮಾತ್ರ. ಹಿಡಿಯಬೇಕಾದದ್ದು ಆ ಹಾಳೆಯನ್ನು. ಬಾಡಿಗೆದಾರರಾಗಿರಲಿ, ಯೋಜನೆಯಿಂದ ಸ್ಥಳಾಂತರಗೊಂಡವರಾಗಿರಲಿ, ನಿವಾಸಿಗಳು ಅದನ್ನು ಹಿಡಿಯುವ ಬಗೆ ಹೀಗಿದೆ.

ಮೊದಲ ಹೆಜ್ಜೆ: ಒಡೆಯರನ್ನು ಗುರುತಿಸಿ

ಹೊರಗಿನಿಂದ ಒಂದೇ ರೀತಿ ಕಾಣುವ ಕಟ್ಟಡಗಳ ಒಡೆತನ ಬೇರೆ ಬೇರೆ. ಕೆಲವು ಮಹಾನಗರಪಾಲಿಕೆಯವು, ಕೆಲವು ಎಂಎಂಆರ್‌ಡಿಎ (ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕಟ್ಟಿಸಿದವು, ಕೆಲವು ರಾಜ್ಯದ ವಸತಿ ಸಂಸ್ಥೆ ಮ್ಹಾಡಾದವು, ಕೆಲವು ಆಗಲೇ ನಿವಾಸಿಗಳ ಸಹಕಾರಿ ಸೊಸೈಟಿಯ ಕೈಗೆ ಬಂದಿರುವಂಥವು. ಸೊಸೈಟಿಗೆ ಹಸ್ತಾಂತರವಾಗಿದ್ದರೆ ಲಿಫ್ಟ್ ನಿರ್ವಹಣೆಯ ಕರಾರು ನಿಮ್ಮದೇ ಜವಾಬ್ದಾರಿ. ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಅದರ ಖರ್ಚನ್ನು ಎಲ್ಲ ಸದಸ್ಯರೂ ಸಮನಾಗಿ ಹಂಚಿಕೊಳ್ಳಬೇಕು, ಲಿಫ್ಟ್ ಹತ್ತದ ನೆಲಮಹಡಿಯವರೂ ಸೇರಿ. ಎಸ್‌ಆರ್‌ಎ (ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ) ಯೋಜನೆಯ ಕಟ್ಟಡವಾದರೆ ಡೆವಲಪರ್ ಪ್ರತಿ ಮನೆಗೆ ಇಂತಿಷ್ಟು ಎಂದು ನಿರ್ವಹಣಾ ನಿಧಿಗೆ ಕಟ್ಟಬೇಕಿತ್ತು. ಹಳೆಯ ನಿಯಮದಲ್ಲಿ ಅದು 20,000 ರೂಪಾಯಿ ಇತ್ತು, ಆಮೇಲೆ 40,000 ಆಯಿತು. ಆ ಹಣ ಎಲ್ಲಿದೆ ಎಂದು ಕೇಳಿ.

ಕಟ್ಟಡ ಸಾರ್ವಜನಿಕ ಸಂಸ್ಥೆಯ ಹೆಸರಿನಲ್ಲೇ ಇದ್ದರೆ ಆ ಸಂಸ್ಥೆಯೇ ಒಡೆಯ, ಗುತ್ತಿಗೆದಾರ ಅದರ ಕೆಲಸಗಾರ. 1939ರ ಹಳೆಯ ಬಾಂಬೆ ಲಿಫ್ಟ್ ಕಾಯ್ದೆಯ ಜಾಗದಲ್ಲಿ ಮಹಾರಾಷ್ಟ್ರ 2017ರಲ್ಲಿ ಹೊಸ ಕಾಯ್ದೆ ತಂದಿದೆ. ಲಿಫ್ಟ್ ಓಡಿಸಲು ಪರವಾನಗಿ ಬೇಕು, ಸರ್ಕಾರಿ ನಿರೀಕ್ಷಕರ ತಪಾಸಣೆ ಆಗಬೇಕು. ನಿರ್ವಹಣೆಯನ್ನು ಹೊರಗಿನವರಿಗೆ ಕೊಟ್ಟ ಮಾತ್ರಕ್ಕೆ ಒಡೆಯನ ಹೊಣೆ ಇಳಿಯುವುದಿಲ್ಲ.

ಎರಡನೆಯದು: ಕರಾರಿನ ಪ್ರತಿ ತೆಗೆಸಿಕೊಳ್ಳಿ

ಮೊದಲು ವಾರ್ಡ್ ಕಚೇರಿಯ ಎಂಜಿನಿಯರನ್ನು ಬಾಯಿಮಾತಿನಲ್ಲೇ ಕೇಳಿ ನೋಡಿ, ಕೆಲವರು ತೋರಿಸುತ್ತಾರೆ. ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಆದ್ದರಿಂದ ಗೋಳು ಬರೆಯಬೇಡಿ, ಬೇಕಾದ ಕಾಗದಗಳ ಹೆಸರನ್ನಷ್ಟೇ ಬರೆಯಿರಿ: ಕಾರ್ಯಾದೇಶ, ಟೆಂಡರಿನ ಷರತ್ತುಗಳು, ಕಳೆದ ಹನ್ನೆರಡು ತಿಂಗಳ ಬಿಲ್‌ಗಳು, ಆ ಬಿಲ್‌ಗಳಿಗೆ ಲಗತ್ತಿಸಿದ ಸರ್ವಿಸ್ ಹಾಳೆಗಳು. ಈ ಕೊನೆಯದನ್ನು ಮರೆಯಲೇಬೇಡಿ. ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ, ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ. ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ, ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಮೂರನೆಯದು: ಕರಾರಿನಲ್ಲಿ ಏನಿಲ್ಲ ಎಂದು ಓದಿ

ನಿರ್ವಹಣಾ ಕರಾರಿನಲ್ಲಿ ಎರಡು ಬಗೆ. ಒಂದರಲ್ಲಿ ಎಣ್ಣೆ ಹಾಕುವುದು, ಒರೆಸುವುದು, ಹೊಂದಿಸುವುದು ಮಾತ್ರ. ಬಿಡಿಭಾಗ ಸುಟ್ಟರೆ ಬೇರೆ ಅಂದಾಜುಪಟ್ಟಿ, ಬೇರೆ ಮಂಜೂರಾತಿ, ಬೇರೆ ಆದೇಶ. ಲಿಫ್ಟ್ ವಾರಗಟ್ಟಲೆ ನಿಲ್ಲುವುದು ಈ ಕಾಗದದ ಓಡಾಟದಲ್ಲಿ, ಮೆಕ್ಯಾನಿಕ್ಕಿನ ಸೋಮಾರಿತನದಿಂದಲ್ಲ. ಇನ್ನೊಂದು ಸಮಗ್ರ ಕರಾರು, ಇದರಲ್ಲಿ ಬಿಡಿಭಾಗಗಳೂ ಸೇರಿರುತ್ತವೆ. ಬಡವರು ಇರುವ ಎತ್ತರದ ಕಟ್ಟಡಗಳಿಗೆ ಎರಡನೆಯದೇ ಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ದರ ಹೆಚ್ಚು, ನಿಜ. ಆದರೆ ಮಂಜೂರಾತಿಗೆ ಕಾಯುವ ದಿನಗಳ ಬೆಲೆಯನ್ನು ಏಳನೆಯ ಮಹಡಿಗೆ ನೀರಿನ ಕ್ಯಾನ್ ಹೊರುವ ಹೆಂಗಸರು ಕಟ್ಟುತ್ತಿದ್ದಾರೆ. ಅದು ಯಾವ ಅಂದಾಜುಪಟ್ಟಿಯಲ್ಲೂ ಬರುವುದಿಲ್ಲ.

ಸಮಗ್ರ ಕರಾರಿನಲ್ಲೂ ಒಂದು ಸಾಲನ್ನು ಹುಡುಕಿ: ‘ನೀರಿನಿಂದಾದ ಹಾನಿ ಸೇರಿಲ್ಲ.’ ಮುಂಬಯಿಯಲ್ಲಿ ಈ ಸಾಲೇ ಅರ್ಧ ಕಥೆ. ಲಿಫ್ಟ್ ಓಡುವ ಬಾವಿಯ ತಳಕ್ಕೆ ಪಿಟ್ ಎನ್ನುತ್ತಾರೆ. ಲಿಫ್ಟ್ ತಳಕ್ಕೆ ಬಡಿದರೆ ಪೆಟ್ಟು ತಗ್ಗಿಸುವ ಬಫರ್, ವೇಗನಿಯಂತ್ರಕ ಹಗ್ಗದ ತೂಕದ ಗಾಲಿ, ಕೆಲವು ಸುರಕ್ಷತಾ ಸ್ವಿಚ್‌ಗಳು ಅಲ್ಲಿರುತ್ತವೆ. ಜೂನ್ ಬಂತೆಂದರೆ ತಗ್ಗಿನ ಪ್ರದೇಶದ ಕಟ್ಟಡಗಳ ಪಿಟ್ ತುಂಬುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಸ್ವಿಚ್ ನೆನೆದು ಲಿಫ್ಟ್ ನಿಲ್ಲುತ್ತದೆ. ಬಂದ ಲಿಫ್ಟ್ ಗುತ್ತಿಗೆದಾರ ‘ನೀರು ನನ್ನದಲ್ಲ, ಸಿವಿಲ್ ವಿಭಾಗದ್ದು’ ಎನ್ನುತ್ತಾನೆ. ಸಿವಿಲ್ ವಿಭಾಗದವರು ‘ಲಿಫ್ಟ್ ನಮ್ಮದಲ್ಲ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅದೇ ಸಂಕಟ. ಹಾಗಾಗಿ ಪಿಟ್‌ನ ಜಲನಿರೋಧಕ ಲೇಪನ ಮತ್ತು ಪಂಪ್ ಯಾರ ಪಾಲಿಗೆ ಎಂದು ಏಪ್ರಿಲ್‌ನಲ್ಲೇ ಒಡೆಯ ಸಂಸ್ಥೆಯಿಂದ ಲಿಖಿತವಾಗಿ ಕೇಳಿ. ಜೋರು ಮಳೆಯಲ್ಲಿ ನೀರು ನುಗ್ಗುವ ಸೂಚನೆ ಇದ್ದರೆ ಲಿಫ್ಟನ್ನು ಎರಡನೆಯ ಮಹಡಿಗಿಂತ ಮೇಲೆ ನಿಲ್ಲಿಸಿ ವಿದ್ಯುತ್ ತೆಗೆಸಿ. ಪಿಟ್‌ಗೆ ನಿವಾಸಿಗಳು ಇಳಿಯುವಂತಿಲ್ಲ, ಬಾಲ್ದಿ ಹಿಡಿದೂ ಇಲ್ಲ.

ಕರೆ ಮಾಡಿದ ಎಷ್ಟು ಗಂಟೆಯಲ್ಲಿ ಬರಬೇಕು, ತಡವಾದರೆ ದಿನಕ್ಕೆ ದಂಡವೆಷ್ಟು ಎಂಬ ಷರತ್ತುಗಳಿಗೆ ಕೆಂಪು ಗೆರೆ ಎಳೆದಿಡಿ.

ನಾಲ್ಕನೆಯದು: ನಿಮ್ಮದೇ ನೋಟುಪುಸ್ತಕ

ನೂರು ಪುಟದ ಒಂದು ಪುಸ್ತಕ ಸಾಕು. ಲಿಫ್ಟ್ ನಿಂತ ದಿನ, ಗಂಟೆ, ದೂರಿನ ಸಂಖ್ಯೆ, ಮೆಕ್ಯಾನಿಕ್ ಬಂದ ಹೊತ್ತು, ಬದಲಿಸಿದ ಭಾಗ, ಮತ್ತೆ ಓಡಿದ ಹೊತ್ತು. ಭಾಗ ಬದಲಿಸಿದೆ ಎಂದರೆ ಹಳೆಯದನ್ನು ತೋರಿಸಲು ಹೇಳಿ, ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಪ್ರತಿ ಕಟ್ಟಡಕ್ಕೆ ಇಬ್ಬರನ್ನು ಆರಿಸಿ, ಒಬ್ಬರು ಹಗಲಿನಲ್ಲಿ ಮನೆಯಲ್ಲಿರುವವರಾಗಲಿ. ಸರ್ವಿಸ್ ಹಾಳೆಗೆ ಅವರ ಸಹಿಯೇ ಬೇಕೆಂದು ಎಂಜಿನಿಯರಿಗೆ ಪತ್ರ ಕೊಡಿ. ಮೆಕ್ಯಾನಿಕ್ಕಿನ ಜೊತೆಗೆ ಕೆಳಗಿನಿಂದ ಮೇಲಿನ ತನಕ ಹೋಗಿ ಬಂದ ಮೇಲೆಯೇ ಸಹಿ, ಪಕ್ಕದಲ್ಲಿ ದಿನಾಂಕ ಮತ್ತು ಗಂಟೆ. ಖಾಲಿ ಹಾಳೆಗೆ ಸಹಿ ಎಂದಿಗೂ ಬೇಡ.

ಹೋಗಿ ಬರುವಾಗ ಏನು ನೋಡಬೇಕು? ಪ್ರತಿ ಮಹಡಿಯಲ್ಲಿ ಲಿಫ್ಟಿನ ನೆಲ ಮತ್ತು ಹೊರಗಿನ ನೆಲ ಸಮನಾಗಿದೆಯೇ, ಒಳಗಿನ ಅಪಾಯದ ಗಂಟೆ ಮೊಳಗುತ್ತದೆಯೇ, ವಿದ್ಯುತ್ ಹೋದಾಗ ಒಳಗೆ ದೀಪ ಉಳಿಯುತ್ತದೆಯೇ. ಎಲ್ಲಕ್ಕಿಂತ ಮುಖ್ಯ, ಬಾಗಿಲು ತೆರೆದಿರುವಾಗ ಲಿಫ್ಟ್ ಕದಲಬಾರದು, ಲಿಫ್ಟ್ ಇಲ್ಲದ ಮಹಡಿಯಲ್ಲಿ ಹೊರಬಾಗಿಲು ತೆರೆಯಬಾರದು. ಇವೆರಡನ್ನು ಮೆಕ್ಯಾನಿಕ್ಕೇ ಪರೀಕ್ಷಿಸಿ ತೋರಿಸಲಿ. ಜನ ಹಗ್ಗ ಕಡಿಯುತ್ತದೆಂದು ಹೆದರುತ್ತಾರೆ. ಹಗ್ಗಗಳು ಒಂದಲ್ಲ, ಹಲವು. ಮಿತಿಮೀರಿದ ವೇಗದಲ್ಲಿ ಇಳಿದರೆ ಹಳಿಯನ್ನೇ ಕಚ್ಚಿ ಹಿಡಿಯುವ ಸೇಫ್ಟಿ ಗೇರ್ ಕೂಡ ಇರುತ್ತದೆ. ಜೀವಕ್ಕೆ ಎರವಾಗುವುದು ಬಹುಮಟ್ಟಿಗೆ ಬಾಗಿಲು. ಅದರ ಬೀಗ ಸಡಿಲವಾಗಿದ್ದರೆ ಲಿಫ್ಟ್ ನಿಲ್ಲಿಸಿ ಎಂದು ನೀವೇ ಹೇಳಿ, ಅಜ್ಜಿ ಇನ್ನೆರಡು ದಿನ ಕಾದರೂ ಸರಿ.

ಭಾರದ ಲೆಕ್ಕವೂ ಇರಲಿ. ನಮ್ಮ ಮಾನದಂಡದಲ್ಲಿ ಒಬ್ಬ ಪ್ರಯಾಣಿಕನಿಗೆ 68 ಕಿಲೊ, ಆರು ಜನರ ಲಿಫ್ಟ್ ಎಂದರೆ 408 ಕಿಲೊ. ಮನೆ ಬದಲಿಸುವಾಗ ಕಪಾಟು, ಸಿಮೆಂಟ್ ಚೀಲ ತುಂಬಬೇಡಿ. ಒಳಗೆ ಸಿಕ್ಕಿಕೊಂಡರೆ ಬಾಗಿಲು ಮೀಟಿ ಹಾರಬೇಡಿ, ಗಂಟೆ ಒತ್ತಿ ಕಾಯಿರಿ. ಯಾರೂ ಬರದಿದ್ದರೆ ಅಗ್ನಿಶಾಮಕ ದಳದ 101.

ಐದನೆಯದು: ಬಿಲ್‌ಗೆ ಮುಂಚೆ ಪತ್ರ

ತಿಂಗಳ ಕೊನೆಗೆ ಲಿಫ್ಟ್ ನಿಂತ ಗಂಟೆಗಳನ್ನು ಕೂಡಿಸಿ, ದಂಡದ ಷರತ್ತಿನ ಸಂಖ್ಯೆಯನ್ನು ಉಲ್ಲೇಖಿಸಿ ಎಂಜಿನಿಯರಿಗೆ ಒಂದು ಪುಟದ ಪತ್ರ ಕೊಡಿ. ಬಿಲ್ ಪಾಸಾಗುವ ಮುನ್ನ ತಲುಪಿದರೆ ಅವರು ಅದನ್ನು ಕಡತಕ್ಕೆ ಸೇರಿಸಲೇಬೇಕಾಗುತ್ತದೆ. ಆ ಏಳು ಮಹಡಿಯ ಕಟ್ಟಡದವರು ಈ ಕೆಲಸವನ್ನು ದೀಪಾವಳಿಯ ನಂತರ ಆರಂಭಿಸಿದರು. ಕಾವಲುಗಾರ ಈಗ ಹಾಳೆ ಬಂದರೆ ಮೂರನೆಯ ಮಹಡಿಯ ಅಕ್ಕನನ್ನು ಕೂಗುತ್ತಾನೆ.

ಇನ್ನೊಂದು ಉಳಿಯಿತು. ಹಳೆಯ ಕರಾರು ಮುಗಿದು ಹೊಸ ಟೆಂಡರ್ ಆಗುವ ನಡುವೆ ಲಿಫ್ಟ್‌ಗೆ ಯಾರೂ ದಿಕ್ಕಿಲ್ಲದ ಕಾಲವೊಂದು ಬರುತ್ತದೆ. ಕರಾರಿನ ಕೊನೆಯ ದಿನಾಂಕವನ್ನು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ, ಅದಕ್ಕೆ ನಾಲ್ಕು ತಿಂಗಳು ಇರುವಾಗಲೇ ಹೊಸ ಟೆಂಡರ್ ಎಲ್ಲಿಗೆ ಬಂತು ಎಂದು ಮೊಹರು ಹಾಕಿಸಿ ಕೇಳಿ.