ಫ್ರಾನ್ಸ್‌ನಲ್ಲಿ ಮ್ಯಾನೇಜ್‌ಮೆಂಟ್ ಓದಲು ಬರುವವರಿಗೆ: ಮುಂಗಡ ಕಟ್ಟುವ ಮುಂಚೆ ಪದವಿಯ ಮುದ್ರೆ ನೋಡಿ

ಕಳೆದ ತಿಂಗಳು ದಾವಣಗೆರೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಪ್ಯಾರಿಸ್‌ನ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ, ಶುಕ್ರವಾರದೊಳಗೆ 4,000 ಯೂರೋ ಮುಂಗಡ ಕಟ್ಟಬೇಕು. "ಅಣ್ಣ, ಗವರ್ನಮೆಂಟ್ ರೆಕಗ್ನೈಸ್ಡ್ ಅಂತೆ. ಬ್ರೋಷರ್‌ನಲ್ಲಿ ಐದು ಲೋಗೋ ಇವೆ" ಅಂದಳು. ಬ್ರೋಷರ್ ತರಿಸಿಕೊಂಡು ನೋಡಿದೆ. ಲೋಗೋಗಳೆಲ್ಲ ನಿಜವಾದವೇ. ಆದರೆ ಅವಳು ಸೇರಲಿದ್ದ ಕೋರ್ಸಿಗೆ ಬೇಕಾದ ಮುದ್ರೆ ಆ ಐದರಲ್ಲಿ ಇರಲಿಲ್ಲ.

2017ರಲ್ಲಿ ನಾನೂ ಅಂಥದೇ ಬ್ರೋಷರ್ ನಂಬಿ ಬಂದವನು. ಆಮೇಲೆ ಪ್ರತಿ ವರ್ಷ ಇಬ್ಬರೋ ಮೂವರೋ ಕನ್ನಡದ ಹುಡುಗರು ಅದೇ ಗುಂಡಿಗೆ ಬೀಳುವುದನ್ನು ನೋಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ವೀಸಾ, ಬ್ಯಾಂಕ್ ಖಾತೆ, ಬಾಡಿಗೆ ಮನೆ, ಚಳಿಗೆ ಯಾವ ಕೋಟು, ಇವೆಲ್ಲ ನಿಮಗೆ ಬೇರೆ ಕಡೆ ಸಿಗುತ್ತದೆ. ನಾನು ಹೇಳುವುದು ಪದವಿಯ ವಿಷಯ ಮಾತ್ರ.

ನನ್ನ ಕತೆ ಇಷ್ಟು. ಶಿವಮೊಗ್ಗದ ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು ಅಪ್ಪ ಸಾಲ ತೆಗೆದರು. ಒಂದು ಖಾಸಗಿ ಸ್ಕೂಲಿಗೆ 13,000 ಯೂರೋ ಕಟ್ಟಿ ಎಂಎಸ್ಸಿ ಮುಗಿಸಿದೆ. 2018ರ ಕೊನೆಗೆ, ಓದು ಮುಗಿದ ಮೇಲೆ ಇಲ್ಲೇ ಉಳಿದು ಕೆಲಸ ಹುಡುಕಲು ಕೊಡುವ ಪರವಾನಗಿಗಾಗಿ ಪ್ರೆಫೆಕ್ಚರ್‌ಗೆ ಹೋದೆ. ಪ್ರೆಫೆಕ್ಚರ್ ಅಂದರೆ ನಮ್ಮ ಡಿಸಿ ಆಫೀಸಿನ ಥರ, ವಿದೇಶಿಯರ ಕಾಗದಪತ್ರವೆಲ್ಲ ಅಲ್ಲೇ ಆಗುವುದು. ಕೌಂಟರಿನ ಹೆಂಗಸು ನನ್ನ ಸರ್ಟಿಫಿಕೇಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗ್ರಾದ್ ದ ಮಾಸ್ಟರ್ ಎಲ್ಲಿದೆ?" ಎಂದು ಕೇಳಿದರು. ನನಗೆ ಆ ಮಾತೇ ಹೊಸದು. ಸರ್ಟಿಫಿಕೇಟಿನ ಮೇಲೆ ಎಂಎಸ್ಸಿ ಅಂತ ಇತ್ತು. ಸರ್ಕಾರದ ಪಟ್ಟಿಯಲ್ಲಿ ಮೊದಲ ಹಂತದ ಅರ್ಹತೆ ಅಂತಲೂ ಇತ್ತು. ಎರಡೂ ಸುಳ್ಳಲ್ಲ. ಆದರೂ ಅರ್ಜಿ ತಿರಸ್ಕಾರವಾಯಿತು. ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ವರ್ಷ ಓದಿ, ಅದೇ ಮಟ್ಟದ ಪದವಿಯನ್ನು ಎರಡನೇ ಸಲ ಪಡೆದೆ. ಆ ವರ್ಷದ ಬಡ್ಡಿಯನ್ನು ಅಪ್ಪ ಕಟ್ಟಿದರು.

ಗ್ರಾದ್ ದ ಮಾಸ್ಟರ್ ಅಂದರೆ ಏನು? ಫ್ರಾನ್ಸ್‌ನಲ್ಲಿ ಪದವಿಯ ಮಟ್ಟಕ್ಕೆ ಮುದ್ರೆ ಒತ್ತುವುದು ಸರ್ಕಾರ. ಇದು ಮಾಸ್ಟರ್ ಮಟ್ಟದ್ದು ಎಂದು ಒತ್ತುವ ಮುದ್ರೆಯೇ ಗ್ರಾದ್ ದ ಮಾಸ್ಟರ್. ವಿಶ್ವವಿದ್ಯಾಲಯಗಳು ಕೊಡುವ ರಾಷ್ಟ್ರೀಯ ಮಾಸ್ಟರ್ ಪದವಿಗೆ ಅದು ತಾನಾಗಿಯೇ ಇರುತ್ತದೆ. ಬಿಸಿನೆಸ್ ಸ್ಕೂಲುಗಳು ಅದನ್ನು ಕೇಳಿ ಪಡೆಯಬೇಕು. 2001ರಲ್ಲಿ ಶುರುವಾದ ಒಂದು ಸರ್ಕಾರಿ ಆಯೋಗವಿದೆ, ಹೆಸರು ಸಿಇಎಫ್‌ಡಿಜಿ. ಅದು ಪಾಠ, ಕಾಯಂ ಅಧ್ಯಾಪಕರು, ಸಂಶೋಧನೆ, ಪ್ರವೇಶದ ರೀತಿ ಎಲ್ಲವನ್ನೂ ಪರಿಶೀಲಿಸುತ್ತದೆ. ಆಮೇಲೆ ಸರ್ಕಾರ ಆ ಪದವಿಗೆ 'ವೀಜಾ' ಕೊಡುತ್ತದೆ. ಪಾಸ್‌ಪೋರ್ಟಿನ ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಸರ್ಕಾರ ನೋಡಿ ಒಪ್ಪಿದೆ ಎಂಬುದಕ್ಕೆ ಇರುವ ಮಾತು ಅದು. ಯೋಗ್ಯವಾದ ಪದವಿಗೆ ಅದರ ಜೊತೆ ಮಾಸ್ಟರ್ ಮಟ್ಟವೂ ಸಿಗುತ್ತದೆ. ಇದಕ್ಕೆ ಅವಧಿ ಇದೆ. ಮುಗಿದ ಮೇಲೆ ಮತ್ತೆ ಪರೀಕ್ಷೆ.

ಇಲ್ಲಿ ಚೆನ್ನಾಗಿ ಗಮನಿಸಿ. ಮುದ್ರೆ ಬೀಳುವುದು ಪದವಿಯ ಮೇಲೆ, ಸ್ಕೂಲಿನ ಮೇಲಲ್ಲ. 'ಸರ್ಕಾರದಿಂದ ಮಾನ್ಯತೆ ಪಡೆದ ಸಂಸ್ಥೆ' ಅಂತ ಹಾಕಿಕೊಂಡ ಸ್ಕೂಲಿನಲ್ಲಿ ಒಂದು ಕೋರ್ಸಿಗೆ ವೀಜಾ ಇರುತ್ತದೆ. ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿ, ಇಂಗ್ಲಿಷಿನಲ್ಲಿ, ವಿದೇಶಿಯರಿಗೆಂದೇ ನಡೆಯುವ ಕೋರ್ಸಿಗೆ ಇರುವುದಿಲ್ಲ. ನಾವು ಸೇರುವುದು ಹೆಚ್ಚಾಗಿ ಆ ಎರಡನೆಯದಕ್ಕೇ, ಅಲ್ವಾ?

ಹೆಸರುಗಳೂ ದಾರಿ ತಪ್ಪಿಸುತ್ತವೆ. 'ಮಾಸ್ಟರ್' ಎಂಬ ಪದ ಇಲ್ಲಿ ಕಾನೂನಿನ ರಕ್ಷಣೆಯಲ್ಲಿದೆ. ಖಾಸಗಿ ಸ್ಕೂಲು ತನ್ನ ಸರ್ಟಿಫಿಕೇಟಿಗೆ ಸುಮ್ನೆ ಆ ಹೆಸರು ಇಡುವಂತಿಲ್ಲ. ಅದಕ್ಕೇ 'ಮಾಸ್ತೇರ್' ಅಂತ ಇಡುತ್ತಾರೆ. ಕಿವಿಗೆ ಎರಡೂ ಒಂದೇ. ಬರೆಯುವಾಗ ಕೊನೆಯಲ್ಲಿ ಒಂದು ಅಕ್ಷರ ಜಾಸ್ತಿ, ನಡುವಿನ ಅಕ್ಷರದ ತಲೆ ಮೇಲೆ ಒಂದು ಗೀರು. ಎಂಬಿಎ, ಎಂಎಸ್ಸಿ, ಬ್ಯಾಚುಲರ್ ಎಂಬ ಹೆಸರುಗಳಿಗಂತೂ ಇಂಥ ರಕ್ಷಣೆಯೇ ಇಲ್ಲ.

ಹಾಗಾದರೆ ಆ ಐದು ಲೋಗೋ ಏನು? ಮೊದಲನೆಯದು ಆರ್‌ಎನ್‌ಸಿಪಿ. ಇದು ವೃತ್ತಿ ಅರ್ಹತೆಗಳ ರಾಷ್ಟ್ರೀಯ ಪಟ್ಟಿ. 2019ರಿಂದ ಫ್ರಾನ್ಸ್ ಕೊಂಪೆತಾನ್ಸ್ ಎಂಬ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಹಿಂದೆ ಮೊದಲ ಹಂತ ಎನ್ನುತ್ತಿದ್ದುದನ್ನು ಈಗ ಏಳನೇ ಹಂತ ಎನ್ನುತ್ತಾರೆ. ಏಜೆಂಟರು "ಲೆವೆಲ್ 7 ಅಂದರೆ ಮಾಸ್ಟರ್ಸ್" ಅಂತ ಹೇಳುತ್ತಾರೆ. ಹಂತ ಒಂದೇ ಇರಬಹುದು, ಆದರೆ ಗ್ರಾದ್ ದ ಮಾಸ್ಟರ್ ಬೇರೆ. ನನ್ನನ್ನು ಕೌಂಟರಿನಿಂದ ವಾಪಸ್ ಕಳಿಸಿದ್ದು ಇದೇ ವ್ಯತ್ಯಾಸ. ಇನ್ನೊಂದು ಅಪಾಯವೂ ಇದೆ. ಈ ಅರ್ಹತೆ ಹಲವು ಸಲ ನೀವು ಸೇರುವ ಸ್ಕೂಲಿನದೇ ಆಗಿರುವುದಿಲ್ಲ. ಬೇರೆ ಸಂಸ್ಥೆಯ ಹೆಸರಿನಲ್ಲಿರುವುದನ್ನು ಬಾಡಿಗೆಗೆ ಪಡೆದಿರುತ್ತಾರೆ. ನೋಂದಣಿ ಹೆಚ್ಚೆಂದರೆ ಐದು ವರ್ಷ. ನಿಮ್ಮ ಓದಿನ ನಡುವೆಯೇ ಅದು ಮುಗಿದು, ನವೀಕರಣ ಆಗದಿದ್ದರೆ? ಫ್ರಾನ್ಸ್ ಕೊಂಪೆತಾನ್ಸ್‌ನ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಮಾಲೀಕ ಸಂಸ್ಥೆಯ ಹೆಸರು, ಮುಗಿಯುವ ದಿನ ಎರಡೂ ಕಾಣುತ್ತವೆ. ಐದು ನಿಮಿಷದ ಕೆಲಸ. ನಾನು ಅದನ್ನು ಮಾಡಲಿಲ್ಲ.

ಎರಡನೆಯದು ಕ್ವಾಲಿಯೋಪಿ. ಗುಣಮಟ್ಟ ಅಂತ ದೊಡ್ಡದಾಗಿ ಬರೆದಿರುತ್ತದೆ. ಇದು ತರಬೇತಿ ಸಂಸ್ಥೆಗಳಿಗೆ ಸಾರ್ವಜನಿಕ ಹಣ ಸಿಗಬೇಕಾದರೆ 2022ರಿಂದ ಕಡ್ಡಾಯವಾದ ಪ್ರಮಾಣಪತ್ರ. ಸಂಸ್ಥೆಯ ಕೆಲಸದ ಕ್ರಮ ಸರಿ ಇದೆಯೇ ಅಂತ ನೋಡುತ್ತದೆ. ಪದವಿಯ ಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೂರನೆಯದು ಎಎಸಿಎಸ್‌ಬಿ. ಇದನ್ನು ನಾನು ನಿಜವಾಗಿ ಗೌರವಿಸುತ್ತೇನೆ. ಬಿಸಿನೆಸ್ ಸ್ಕೂಲುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ, 1916ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ಇದು. ಇಂಥದೇ ಮಾನ್ಯತೆ ಇನ್ನೆರಡಿವೆ: ಬ್ರಸೆಲ್ಸ್‌ನ ಇಎಫ್‌ಎಂಡಿ ಎಂಬ ಸಂಸ್ಥೆ ಕೊಡುವ ಎಕ್ವಿಸ್, ಲಂಡನ್‌ನ ಆಂಬಾ. ಈ ಮೂರೂ ಇದ್ದರೆ ತ್ರಿವಳಿ ಕಿರೀಟ ಎನ್ನುತ್ತಾರೆ. ಫ್ರಾನ್ಸ್‌ನ ಹೆಸರಾಂತ ಸ್ಕೂಲುಗಳಾದ ಎಚ್‌ಇಸಿ, ಎಸೆಕ್, ಇಎಂ ಲಿಯೋನ್‌ಗೆ ಅದು ಇದೆ. ನಮ್ಮ ಬೆಂಗಳೂರಿನ ಐಐಎಂಗೂ ಎಕ್ವಿಸ್ ಇದೆ. ಎಎಸಿಎಸ್‌ಬಿ ಕೇಳುವ ಒಂದು ವಿಷಯ ಹೇಳುತ್ತೇನೆ: ಒಟ್ಟು ಬೋಧನೆಯಲ್ಲಿ ಸುಮಾರು 75 ಶೇಕಡಾ, ಸ್ಕೂಲಿನ ಬದುಕಿನಲ್ಲಿ ಪೂರ್ತಿ ತೊಡಗಿಕೊಂಡ ಅಧ್ಯಾಪಕರಿಂದಲೇ ಆಗಬೇಕು. ನಾನು ಓದಿದ ಕಡೆ ಹೆಚ್ಚಿನವರು ಗಂಟೆ ಲೆಕ್ಕದಲ್ಲಿ ಬಂದು ಹೋಗುವವರು. ಅನುಮಾನ ಕೇಳಲು ಮರುದಿನ ಹೋದರೆ ಯಾರೂ ಇರುತ್ತಿರಲಿಲ್ಲ. ಗುಣಮಟ್ಟ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಆಗ.

ಆದರೆ ಬ್ರೋಷರ್‌ನಲ್ಲಿ ಲೋಗೋ ಕೆಳಗೆ ಸಣ್ಣ ಅಕ್ಷರದಲ್ಲಿ 'ಸದಸ್ಯ' ಅಂತ ಇದೆಯೇ ನೋಡಿ. ಚಂದಾ ಕಟ್ಟಿ ಸದಸ್ಯರಾಗುವುದು ಬೇರೆ, ವರ್ಷಗಟ್ಟಲೆ ಪರಿಶೀಲನೆಗೆ ಒಳಪಟ್ಟು ಮಾನ್ಯತೆ ಪಡೆಯುವುದು ಬೇರೆ. ಹುಡುಗಿಯ ಬ್ರೋಷರ್‌ನಲ್ಲಿದ್ದದ್ದು ಸದಸ್ಯತ್ವ. ಮಾನ್ಯತೆಯೇ ಇದ್ದರೂ ಪ್ರೆಫೆಕ್ಚರ್‌ನ ಪ್ರಶ್ನೆಗೆ ಅದು ಉತ್ತರವಲ್ಲ. ಕಂಪನಿಯವರು ಎಎಸಿಎಸ್‌ಬಿ ನೋಡುತ್ತಾರೆ, ಸರ್ಕಾರ ತನ್ನ ಮುದ್ರೆ ನೋಡುತ್ತದೆ. ನಮಗೆ ಎರಡೂ ಬೇಕು.

ಉಳಿದ ಎರಡು ಲೋಗೋ ಪತ್ರಿಕೆಗಳ ರ‍್ಯಾಂಕಿಂಗ್. ಅದನ್ನು ಬಿಡಿ.

ಬ್ರೋಷರ್‌ನಲ್ಲಿ ಇಲ್ಲದ, ಆದರೆ ಕೆಲಸಕ್ಕೆ ಬರುವ ಇನ್ನೊಂದು ಮುದ್ರೆ ಇದೆ. ಕೊನ್ಫೆರಾನ್ಸ್ ದೆ ಗ್ರಾಂದ್ ಜೆಕೋಲ್ ಎಂಬ, ಫ್ರಾನ್ಸ್‌ನ ದೊಡ್ಡ ಸ್ಕೂಲುಗಳ ಸಂಘ ಕೆಲವು ಎಂಎಸ್ಸಿ ಮತ್ತು 'ಮಾಸ್ತೇರ್ ಸ್ಪೆಸಿಯಾಲಿಜೆ' ಕೋರ್ಸುಗಳಿಗೆ ತನ್ನ ಲೇಬಲ್ ಕೊಡುತ್ತದೆ. ನಾನು ಕೇಳಿದ್ದ, ಕೆಲಸ ಹುಡುಕುವ ಪರವಾನಗಿಗೆ ಆ ಲೇಬಲ್ ಇರುವ ಕೋರ್ಸುಗಳನ್ನೂ ಒಪ್ಪುತ್ತಾರೆ. ಆ ಪಟ್ಟಿ ಸಂಘದ ವೆಬ್‌ಸೈಟಿನಲ್ಲಿದೆ. ನಿಮ್ಮ ಕೋರ್ಸಿನ ಹೆಸರು ಅಕ್ಷರ ಅಕ್ಷರ ಹೊಂದಬೇಕು. ಭಾರತೀಯರಿಗೆ ಈ ಪರವಾನಗಿಯ ಬೆಲೆ ಜಾಸ್ತಿ. 2018ರಲ್ಲಿ ಸಹಿಯಾದ ಎರಡು ದೇಶಗಳ ಒಪ್ಪಂದದಿಂದ ನಮಗೆ ಒಂದು ವರ್ಷ ಸಿಗುತ್ತದೆ, ಮತ್ತೊಂದು ವರ್ಷಕ್ಕೆ ನವೀಕರಿಸಬಹುದು. ಸಾಲ ತೀರಿಸಬೇಕಾದವರಿಗೆ ಆ ಎರಡು ವರ್ಷವೇ ಆಧಾರ.

ಯಾವ ವ್ಯವಸ್ಥೆ ಉತ್ತಮ ಅಂತ ಊರಿನವರು ಕೇಳುತ್ತಾರೆ. ನಮ್ಮ ಕಾಲೇಜುಗಳನ್ನು ಪರಿಶೀಲಿಸುವ, ಬೆಂಗಳೂರಿನ ನಾಗರಭಾವಿಯ ನ್ಯಾಕ್ ಇಡೀ ಕಾಲೇಜಿಗೆ ಒಟ್ಟಾಗಿ ಮಾನ್ಯತೆ ಕೊಡುತ್ತದೆ. ಅದರಿಂದ ಒಂದು ಕೋರ್ಸು ಹೇಗಿದೆ ಅಂತ ಗೊತ್ತಾಗುವುದಿಲ್ಲ. ಫ್ರಾನ್ಸ್ ಒಂದೊಂದು ಪದವಿಯನ್ನೂ ಬೇರೆ ಬೇರೆಯಾಗಿ ತೂಗುತ್ತದೆ, ಅವಧಿ ಹಾಕುತ್ತದೆ, ವೀಜಾ ಸಿಕ್ಕ ಪದವಿಗಳ ಪಟ್ಟಿಯನ್ನು ಸಚಿವಾಲಯದ ಅಧಿಕೃತ ಬುಲೆಟಿನ್‌ನಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ತೂಗುವ ರೀತಿಯಲ್ಲಿ ಇವರದೇ ಮೇಲು ಅಂತ ನನಗನಿಸುತ್ತದೆ. ಆದರೆ ಆ ಪಟ್ಟಿ ಇರುವುದು ಫ್ರೆಂಚಿನಲ್ಲಿ. ಭಾಷೆ ಬಾರದ ಹುಡುಗರಿಗೆ ಏಜೆಂಟ್ ಹೇಳಿದ್ದೇ ಪಟ್ಟಿ. ಇದು ಅನ್ಯಾಯ.

ಫ್ರೆಂಚ್ ಸ್ವಲ್ಪ ಬಂದರೆ ಸಾರ್ವಜನಿಕ ವಿಶ್ವವಿದ್ಯಾಲಯಗಳ ಐಎಇಗಳನ್ನು ನೋಡಿ. ಮ್ಯಾನೇಜ್‌ಮೆಂಟ್ ಕಲಿಸುವ ಅವರ ವಿಭಾಗಗಳಿವು. ಕೆಲವು ಕೋರ್ಸು ಇಂಗ್ಲಿಷಿನಲ್ಲೂ ಇವೆ. ಯೂರೋಪಿನ ಹೊರಗಿನವರಿಗೆ 2019ರಲ್ಲಿ ವರ್ಷಕ್ಕೆ 3,770 ಯೂರೋ ಶುಲ್ಕ ನಿಗದಿಯಾಯಿತು. ಆಮೇಲೆ ಸ್ವಲ್ಪ ಏರಿದೆ, ಹಲವು ಕಡೆ ವಿನಾಯಿತಿಯೂ ಇದೆ. ಸಿಗುವುದು ರಾಷ್ಟ್ರೀಯ ಮಾಸ್ಟರ್. ನಾನು ಎರಡನೇ ಸಲ ಓದಿದ್ದು ಅಲ್ಲೇ.

ಈಗಾಗಲೇ ಮುಂಗಡ ಕಟ್ಟಿದ್ದರೆ ತಾರೀಖು ನೋಡಿ. ಇಂಟರ್ನೆಟ್ ಮೂಲಕ ಮಾಡಿಕೊಂಡ ಒಪ್ಪಂದದಿಂದ 14 ದಿನದೊಳಗೆ ಹಿಂದೆ ಸರಿಯುವ ಹಕ್ಕನ್ನು ಫ್ರೆಂಚ್ ಗ್ರಾಹಕ ಕಾನೂನು ಕೊಡುತ್ತದೆ. ಬರವಣಿಗೆಯಲ್ಲೇ ಕೇಳಿ, ಫೋನಿನಲ್ಲಿ ಬೇಡ.

ಹುಡುಗಿಗೆ ಸ್ಕೂಲಿಗೆ ಎರಡೇ ಸಾಲಿನ ಮೇಲ್ ಬರೆಯಲು ಹೇಳಿದೆ. ಈ ಕೋರ್ಸಿನ ಪದವಿಗೆ ಗ್ರಾದ್ ದ ಮಾಸ್ಟರ್ ಇದೆಯೇ, ಇದ್ದರೆ ಯಾವ ತಾರೀಖಿನವರೆಗೆ? ಇಲ್ಲದಿದ್ದರೆ ಕೊನ್ಫೆರಾನ್ಸ್‌ನ ಲೇಬಲ್ ಇದೆಯೇ? ಮೂರು ದಿನ ಬಿಟ್ಟು ಉತ್ತರ ಬಂತು. "ನಮ್ಮ ಅರ್ಹತೆ ಏಳನೇ ಹಂತದ್ದು, ಫ್ರೆಂಚ್ ಸರ್ಕಾರದ ಪಟ್ಟಿಯಲ್ಲಿದೆ, ನಿಮ್ಮ ಸೀಟು ಸೋಮವಾರದವರೆಗೆ ಕಾಯ್ದಿರಿಸಿದ್ದೇವೆ." ಕೇಳಿದ ಎರಡಕ್ಕೂ ಉತ್ತರವಿಲ್ಲ. ಅವಳು ದುಡ್ಡು ಕಟ್ಟಲಿಲ್ಲ. ಈಗ ವಸಂತನಗರದ ಅಲಿಯಾನ್ಸ್ ಫ್ರಾನ್ಸೆಸ್‌ನಲ್ಲಿ ಫ್ರೆಂಚ್ ಕ್ಲಾಸಿಗೆ ಸೇರಿದ್ದಾಳೆ.