ಹಲ್ಲಿಗೆ ಕ್ಲಿಪ್ ಹಾಕಿಸಿದ ಮೇಲೆ ಬ್ರಷ್ ಮಾಡುವುದು ಹೀಗೆ

ಕ್ಲಿಪ್ ಬಿಚ್ಚಿದ ದಿನ ಹಲ್ಲಿನ ಸಾಲು ನೇರವಾಗಿರುತ್ತದೆ, ಆದರೆ ಬ್ರ್ಯಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಇದ್ದ ಜಾಗದ ಸುತ್ತ ಸುಣ್ಣ ಹಚ್ಚಿದಂತೆ ಬಿಳಿ ಕಲೆ. ಎಷ್ಟೋ ಮಕ್ಕಳ ಬಾಯಲ್ಲಿ ಇದೇ ಕಥೆ. ತಪ್ಪು ಕ್ಲಿಪ್ಪಿನದಲ್ಲ, ಬ್ರಷ್ ಮಾಡಿದ ರೀತಿಯದು.

ಕ್ಲಿಪ್ ಕೆಲಸ ಮಾಡುವ ಬಗೆ: ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ನಾರಿನ ತೆಳು ಪದರವಿದೆ. ತಂತಿ ಹದವಾಗಿ ತಳ್ಳುತ್ತಿದ್ದರೆ ಒತ್ತಡ ಬಿದ್ದ ಬದಿಯ ಮೂಳೆ ಕರಗುತ್ತದೆ, ಎಳೆತ ಬಿದ್ದ ಬದಿಯಲ್ಲಿ ಹೊಸ ಮೂಳೆ ಕಟ್ಟುತ್ತದೆ. ತಿಂಗಳಿಗೆ ಹೆಚ್ಚೆಂದರೆ ಸುಮಾರು 1 ಮಿ.ಮೀ. ಸರಿಯುತ್ತದೆ. ಅದಕ್ಕೇ ಸಾಮಾನ್ಯವಾಗಿ 18ರಿಂದ 24 ತಿಂಗಳು ಹಿಡಿಯುವುದು. ‘ಮದುವೆ ಹತ್ತಿರ ಬಂತು, ಸ್ವಲ್ಪ ಬಿಗಿ ಮಾಡಿ ಡಾಕ್ಟ್ರೇ’ ಎಂದು ದುಂಬಾಲು ಬೀಳಬೇಡಿ. ಒತ್ತಡ ಅತಿಯಾದರೆ ಆ ಪದರಕ್ಕೆ ರಕ್ತ ಹರಿಯದೆ ಹಲ್ಲು ನಿಂತಲ್ಲೇ ನಿಲ್ಲುತ್ತದೆ, ಬೇರು ಸವೆಯುವ ಅಪಾಯವೂ ಇದೆ.

ಅಂದಕ್ಕೆ ಮಾತ್ರ ಕ್ಲಿಪ್ ಎನ್ನುವುದು ಸರಿಯಲ್ಲ. ಬಿದ್ದಾಗ ಮೊದಲು ಮುರಿಯುವುದು ಉಬ್ಬು ಹಲ್ಲು. ಹಲ್ಲಿನ ಮೇಲೆ ಹಲ್ಲು ಬಂದಿದ್ದರೆ ಸಂದಿಗೆ ಬ್ರಷ್ ಹೋಗದೆ ಹುಳುಕು ಹಿಡಿಯುತ್ತದೆ.

ಮೊದಲು ಎಕ್ಸ್‌ರೇ, ಅಚ್ಚು. ಹುಳುಕು, ವಸಡಿನ ತೊಂದರೆ ಇದ್ದರೆ ಅದಕ್ಕೆ ಚಿಕಿತ್ಸೆ. ಆಮೇಲೆ ಬ್ರ್ಯಾಕೆಟ್ ಅಂಟಿಸುತ್ತಾರೆ. ಪಾವಗಡ, ಬಾಗೇಪಲ್ಲಿ ಕಡೆಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾಗಿದ್ದರೆ ಅಂಟು ಬೇಗ ಬಿಡಬಹುದು, ಅದನ್ನು ಮೊದಲೇ ಮಾತಾಡಿಕೊಳ್ಳಿ. ಎಕ್ಸ್‌ರೇ ಇಲ್ಲದೆ, ವೈದ್ಯರು ಬಾಯಿ ನೋಡದೆ, ಕೊರಿಯರ್‌ನಲ್ಲಿ ಬರುವ ಅಲೈನರ್ (ಹಲ್ಲು ಸರಿಸಲು ಹಾಕಿ ತೆಗೆಯುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ತರಿಸಲೇಬೇಡಿ.

ಈಗ ಎಲ್ಲರೂ ಎಡವುವ ಹಂತ, ಬ್ರಷ್.

ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನೀವೇ ಸಿಕ್ಕಿಸಿಕೊಳ್ಳುವ ರಬ್ಬರ್ ಹಾಕಿದ್ದರೆ ತೆಗೆದಿಡಿ. ಬರೀ ನೀರಿನಿಂದ ಜೋರಾಗಿ ಬಾಯಿ ಮುಕ್ಕಳಿಸಿ. ತಂತಿಗೆ ಸಿಕ್ಕ ಅನ್ನದಗುಳು, ಸೊಪ್ಪಿನ ನಾರು ಇದರಲ್ಲೇ ಅರ್ಧ ಹೋಗುತ್ತದೆ. ತಲೆ ಚಿಕ್ಕದಿರುವ ಮೃದು ಬ್ರಷ್ಷಿಗೆ ಬಟಾಣಿ ಗಾತ್ರದ ಪೇಸ್ಟ್ ಹಾಕಿ. ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ ಎಂದಿದೆಯೇ ಓದಿ. ಎಷ್ಟೋ ಹರ್ಬಲ್ ಪೇಸ್ಟುಗಳಲ್ಲಿ ಫ್ಲೋರೈಡೇ ಇರುವುದಿಲ್ಲ. ಕೆಂಪು ಹಲ್ಲುಪುಡಿ, ಇದ್ದಿಲ ಪುಡಿ ಮನೆಯಲ್ಲಿದ್ದರೆ ಎತ್ತಿಡಿ. ಅವು ಹಲ್ಲನ್ನು ಸವೆಸುತ್ತವೆ, ಬ್ರ್ಯಾಕೆಟ್ಟಿನ ಸಂದಿಗೆ ಹೋಗುವುದೂ ಇಲ್ಲ.

ಬಹುತೇಕರು ಬ್ರ್ಯಾಕೆಟ್ಟಿನ ಮೇಲಷ್ಟೇ ಉಜ್ಜಿ ಮುಗಿಸುತ್ತಾರೆ. ಕೊಳೆ ಕೂರುವುದು ಬ್ರ್ಯಾಕೆಟ್ಟಿಗೂ ವಸಡಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ. ಬಿಳಿ ಕಲೆ ಏಳುವುದೂ ಅಲ್ಲೇ, ಕೆಲವರಿಗೆ ಒಂದೇ ತಿಂಗಳಲ್ಲಿ. ಬ್ರಷ್ಷನ್ನು ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು ಆ ಪಟ್ಟಿಯನ್ನು ಒಂದೊಂದೇ ಹಲ್ಲಿನಂತೆ ಸಣ್ಣಗೆ ಅಲ್ಲಾಡಿಸಿ ಉಜ್ಜಿ. ಆಮೇಲೆ ಬ್ರಷ್ ತಿರುಗಿಸಿ, ಹಲ್ಲಿನ ತುದಿಯ ಕಡೆಯಿಂದ ಬ್ರ್ಯಾಕೆಟ್ಟಿನ ಇನ್ನೊಂದು ಅಂಚನ್ನು ಉಜ್ಜಿ. ಕೊನೆಗೆ ಬ್ರ್ಯಾಕೆಟ್ಟಿನ ಮುಖ, ಒಳಬದಿ, ಅಗಿಯುವ ಭಾಗ. ಎರಡು ಬ್ರ್ಯಾಕೆಟ್ಟುಗಳ ನಡುವೆ ತಂತಿಯ ಅಡಿಗೆ ಈ ಬ್ರಷ್ ತಲುಪುವುದಿಲ್ಲ. ಅಲ್ಲಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಇಂಟರ್‌ಡೆಂಟಲ್ ಬ್ರಷ್ (ಸಂದಿಗೆ ತೂರುವ, ತಂತಿಯ ಸುತ್ತ ಎಳೆಗಳಿರುವ ಪುಟ್ಟ ಬ್ರಷ್) ಬೇಕು: ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ತೂರಿಸಿ. ಅದರ ತಂತಿ ಬಾಗಿದರೆ ಎಸೆದುಬಿಡಿ.

ಆಯಿತೇ ಎಂದು ತಿಳಿಯಲು ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಬ್ರ್ಯಾಕೆಟ್ಟಿನ ನಾಲ್ಕೂ ಅಂಚು ಚೂಪಾಗಿ, ಸ್ಪಷ್ಟವಾಗಿ ಕಾಣಬೇಕು. ಅಂಚು ಮಸುಕಾಗಿದ್ದರೆ ಕೊಳೆ ಇನ್ನೂ ಇದೆ, ಮತ್ತೆ ಉಜ್ಜಿ. ಇಷ್ಟಕ್ಕೆಲ್ಲ ನಾಲ್ಕೈದು ನಿಮಿಷ ಬೇಕು. ವಸಡಿನಿಂದ ರಕ್ತ ಬಂತೆಂದು ಆ ಜಾಗ ಬಿಡಬೇಡಿ. ಸಾಮಾನ್ಯವಾಗಿ ರಕ್ತ ಬರುವುದೇ ಅಲ್ಲಿ ಕೊಳೆ ಕೂತಿರುವುದರಿಂದ. ಚೆನ್ನಾಗಿ ಉಜ್ಜಿದರೂ ವಾರ ಎರಡು ವಾರದಲ್ಲಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ನಿದ್ದೆಯಲ್ಲಿ ಎಂಜಲು ಕಡಿಮೆಯಾಗುವುದರಿಂದ ರಾತ್ರಿಯ ಬ್ರಷ್ ತಪ್ಪಿಸಲೇಬಾರದು. ಮೌತ್‌ವಾಶ್ ಇದಕ್ಕೆ ಬದಲಿ ಅಲ್ಲ.

ತಿನ್ನುವುದರಲ್ಲಿ ನಿಪ್ಪಟ್ಟು, ಕೋಡುಬಳೆ, ಕಡಲೆ ಮಿಠಾಯಿ ಬಿಡಿ. ಸಂಕ್ರಾಂತಿಗೆ ಕಬ್ಬನ್ನು ಹಲ್ಲಿನಲ್ಲಿ ಸಿಗಿದರೆ ಬ್ರ್ಯಾಕೆಟ್ ಕಿತ್ತು ಬರುತ್ತದೆ. ಸೀಬೆಹಣ್ಣನ್ನು ಹೆಚ್ಚಿ ತಿನ್ನಿ. ಬ್ರ್ಯಾಕೆಟ್ಟಿಗೆ ಕಟ್ಟುವ ರಬ್ಬರ್ ಬಳೆ ಬಣ್ಣವಿಲ್ಲದ್ದಾದರೆ ಹುಳಿ ಸಾರಿನ ಅರಿಶಿನಕ್ಕೆ ಹಳದಿಯಾಗುತ್ತದೆ; ಬೂದು ಬಣ್ಣದ್ದೇ ಕೇಳಿ ಹಾಕಿಸಿಕೊಳ್ಳಿ.

ತಂತಿ ಕೆನ್ನೆಗೆ ಚುಚ್ಚಿದರೆ ಆ ಜಾಗ ಒರೆಸಿ ಒಣಗಿಸಿ, ಕ್ಲಿಪ್ಪಿಗೆಂದೇ ಸಿಗುವ ಮೇಣದ ಸಣ್ಣ ಉಂಡೆ ಒತ್ತಿ, ವೈದ್ಯರಿಗೆ ಫೋನ್ ಮಾಡಿ. ಒದ್ದೆಯ ಮೇಲೆ ಮೇಣ ನಿಲ್ಲದು.

ಕ್ಲಿಪ್ ತೆಗೆದ ಮೇಲೆ ರಿಟೇನರ್, ಅಂದರೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ, ಹಾಕಿ ತೆಗೆಯುವ ಸಾಧನ, ಹಾಕಲೇಬೇಕು. ವಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಜಾಗಕ್ಕೇ ಎಳೆಯುತ್ತವೆ. ಮೊದಲ ತಿಂಗಳುಗಳಲ್ಲಿ ಹಗಲೂ ರಾತ್ರಿ, ಆಮೇಲೆ ವೈದ್ಯರು ಹೇಳಿದಾಗಿನಿಂದ ರಾತ್ರಿ ಮಾತ್ರ. ಬಿಸಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತದೆ, ತಣ್ಣೀರೇ ಸಾಕು. ಮದುವೆ ಊಟದಲ್ಲಿ ಟಿಶ್ಯೂ ಸುತ್ತಿ ಎಲೆ ಪಕ್ಕ ಇಟ್ಟ ರಿಟೇನರ್ ಎಲೆಯ ಜೊತೆಗೇ ಹೋಗುತ್ತದೆ; ಡಬ್ಬಿ ಜೇಬಿನಲ್ಲೇ ಇರಲಿ.