ಔಟ್‌ಪಾಸ್‌ಗೂ ಮೊದಲು: ದುಬೈಯಲ್ಲಿ ಪಾಸ್‌ಪೋರ್ಟ್ ಇಲ್ಲದವರ ಜೊತೆ ಓಡಾಡಿದ ಅನುಭವ

ಪಾಸ್‌ಪೋರ್ಟ್ ಕಳೆದುಹೋಗಿದೆ ಅಂತ ಯಾರೇ ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಇಲ್ಲೇ ಇರ್ತೀಯಾ, ಊರಿಗೆ ಹೋಗ್ತೀಯಾ?’ ಇಲ್ಲೇ ಕೆಲಸ ಮುಂದುವರಿಸುವವನಿಗೆ ಹೊಸ ಪಾಸ್‌ಪೋರ್ಟ್ ಬೇಕು. ಎಲ್ಲ ಬಿಟ್ಟು ಹೊರಡುವವನಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಸಾಕು. ಇಲ್ಲಿನ ಲೇಬರ್ ಕ್ಯಾಂಪ್‌ಗಳಲ್ಲಿ ಅದನ್ನು ಔಟ್‌ಪಾಸ್ ಅಂತಲೇ ಕರೆಯುತ್ತಾರೆ. ಅದರಲ್ಲಿ ಭಾರತಕ್ಕೆ ಒಂದು ಸಲ ಹೋಗಬಹುದು, ಅಷ್ಟೇ.

ನಾನು ದುಬೈಯ ಒಂದು ಕಂಪನಿಯಲ್ಲಿ ಪಿಆರ್‌ಒ, ಅಂದರೆ ಸರ್ಕಾರಿ ಕಚೇರಿಗಳ ಕಾಗದಪತ್ರದ ಕೆಲಸ ನೋಡಿಕೊಳ್ಳುವವನು. ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ ಅನ್ನುವ ಇಲ್ಲಿನ ಗುರುತಿನ ಚೀಟಿ, ಅರ್ಜಿ ತುಂಬಿಸುವ ಟೈಪಿಂಗ್ ಸೆಂಟರ್, ದಿನವಿಡೀ ಇದೇ ಓಡಾಟ. ಊರು ಕುಂದಾಪುರದ ಕಡೆ. ಹಾಗಾಗಿ ಭಟ್ಕಳದಿಂದ ಮಂಗಳೂರಿನವರೆಗೆ ಯಾರಿಗೆ ಕಾಗದದ ತೊಂದರೆ ಬಂದರೂ ನನ್ನ ನಂಬರ್ ಹೇಗೋ ಅವರ ಕೈ ಸೇರುತ್ತದೆ. ಬರ್ ದುಬೈಯಲ್ಲಿ ಭಾರತ ಸರ್ಕಾರದ ಕಚೇರಿ, ಅಂದರೆ ನಮ್ಮ ಕಾನ್ಸುಲೇಟ್ ಇದೆ, ಅಲ್ಲಿಗೆ ಹೋಗುವುದು ಹೀಗೆಯೇ ರೂಢಿಯಾಯಿತು.

ಎರಡನೇ ಪ್ರಶ್ನೆ ಸ್ವಲ್ಪ ಖಾರದ್ದು. ‘ನಿಜವಾಗಿ ಕಳೆದಿದೆಯಾ, ಇಲ್ಲ ಕಂಪನಿ ಹತ್ರ ಇದೆಯಾ?’ ಅರ್ಧ ಜನ ಇಲ್ಲಿ ತಡವರಿಸುತ್ತಾರೆ. ಕೆಲಸಗಾರನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಯುಎಇಯಲ್ಲಿ ಕಾನೂನಿಗೆ ವಿರುದ್ಧ. ಆದರೂ ಇಟ್ಟುಕೊಳ್ಳುವವರಿಗೇನೂ ಕಮ್ಮಿಯಿಲ್ಲ. ಆಗ ‘ಕಳೆದಿದೆ ಅಂತ ಪೊಲೀಸ್ ರಿಪೋರ್ಟ್ ಮಾಡಿಸು, ಸುಲಭ’ ಅಂತ ರೂಮಿನಲ್ಲಿ ಯಾರಾದರೂ ಒಬ್ಬ ಹೇಳಿಯೇ ಹೇಳುತ್ತಾನೆ. ಬೇಡ. ಅದು ಸುಳ್ಳು ಹೇಳಿಕೆ ಆಗುತ್ತದೆ. ಜೊತೆಗೆ, ಕಳೆದಿದೆ ಅಂತ ಅರ್ಜಿ ಹಾಕಿ ಒಮ್ಮೆ ರದ್ದಾದ ಪಾಸ್‌ಪೋರ್ಟ್ ಆಮೇಲೆ ಸಿಕ್ಕರೂ ಉಪಯೋಗಕ್ಕೆ ಬರುವುದಿಲ್ಲ. ನಾನು ಮೊದಲು ಕಂಪನಿಗೆ ನಾನೇ ಫೋನ್ ಮಾಡುತ್ತೇನೆ. ಆಗಲಿಲ್ಲ ಅಂದರೆ ಇಲ್ಲಿನ ಕಾರ್ಮಿಕ ಇಲಾಖೆಗೆ ದೂರು, ಕಾನ್ಸುಲೇಟಿಗೂ ಒಂದು ಅರ್ಜಿ. ಕಾನ್ಸುಲೇಟಿನಿಂದ ಫೋನ್ ಹೋದರೆ ಕೆಲವು ಡ್ರಾಯರ್‌ಗಳು ತಾವಾಗಿಯೇ ತೆರೆದುಕೊಳ್ಳುತ್ತವೆ!

ನಿಜವಾಗಿಯೂ ಪಾಸ್‌ಪೋರ್ಟ್ ಇಲ್ಲದವನ ಕಷ್ಟ ಬೇರೆ. ತಾನು ಭಾರತೀಯ ಅಂತ ಅವನು ಮೊದಲು ತೋರಿಸಬೇಕು. ಮುಖ ನೋಡಿ, ಭಾಷೆ ಕೇಳಿ ಯಾರೂ ಔಟ್‌ಪಾಸ್ ಕೊಡುವುದಿಲ್ಲ, ಕೊಡಲೂಬಾರದು. ಪಾಸ್‌ಪೋರ್ಟ್ ನಂಬರ್ ಸಿಕ್ಕಿದರೆ ಕಂಪ್ಯೂಟರಿನಲ್ಲಿ ಹಳೇ ದಾಖಲೆ ಸಿಗುತ್ತದೆ, ಕೆಲಸ ಸಲೀಸು. ನಂಬರೇ ಇಲ್ಲದಿದ್ದರೆ ಊರಿನಿಂದ ಪರಿಶೀಲನೆ ಆಗಿ ಬರಬೇಕು. ಅದಕ್ಕೆ ಎಷ್ಟು ದಿನ ಅಂತ ಯಾರೂ ಹೇಳಲಾರರು.

2024ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ವೀಸಾ ಮುಗಿದೂ ಉಳಿದವರಿಗೆ ಇಲ್ಲಿನ ಸರ್ಕಾರ ಕ್ಷಮಾದಾನ ಕೊಟ್ಟಿತ್ತಲ್ಲ, ಆಗ ಬೈಂದೂರು ಕಡೆಯ ಒಬ್ಬರು ಬಂದರು. ಕೆಫೆಟೇರಿಯಾದಲ್ಲಿ ಅಡುಗೆ ಕೆಲಸ. ಮಾಲೀಕ ಬಾಗಿಲು ಹಾಕಿಕೊಂಡು ಹೋಗಿದ್ದ, ಪಾಸ್‌ಪೋರ್ಟ್ ಎಲ್ಲಿದೆಯೋ ಗೊತ್ತಿಲ್ಲ, ವೀಸಾ ಮುಗಿದು ಎಷ್ಟೋ ಕಾಲ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಕ್ಷಮಾದಾನದಲ್ಲಿ ಅದು ಮನ್ನಾ.

ಪರ್ಸಿನಿಂದ ಒಂದು ಝೆರಾಕ್ಸ್ ತೆಗೆದರು. ನಾಲ್ಕು ಮಡಿಕೆ, ಅಂಚೆಲ್ಲ ಹಳದಿ. ಸರಿಯಾಗಿ ನಂಬರ್ ಇದ್ದ ಕಡೆಯೇ ಮಡಿಕೆ ಸವೆದು ತೂತು ಬಿದ್ದಿತ್ತು. ಮೊದಲ ಅಕ್ಷರ, ಕೊನೆಯ ಎರಡು ಅಂಕಿ, ಮಧ್ಯದಲ್ಲಿ ಬೆಳಕು. ‘ಅಣ್ಣ, ಇದಕ್ಕೂ ಹಿಂದಿನ ಪಾಸ್‌ಪೋರ್ಟ್ ಮನೆಯಲ್ಲಿದೆಯಾ?’ ಅಂದೆ. ‘ಕ್ಯಾನ್ಸಲ್ ಆದದ್ದು ಮಾರಾಯ್ರೆ, ಅದು ಎಂತಕ್ಕೆ?’ ಅಂದರು. ಅದೇ ಬೇಕಿತ್ತು. ರಿನ್ಯೂ ಮಾಡಿಸಿದಾಗ ಮೂಲೆ ಕತ್ತರಿಸಿ ವಾಪಸ್ ಕೊಡುತ್ತಾರಲ್ಲ, ಆ ಹಳೆಯದರ ನಂಬರ್ ಹಿಡಿದರೆ ಹೊಸದರ ಫೈಲ್ ಸಿಗುತ್ತದೆ. ಅವರ ಹೆಂಡತಿ ಟ್ರಂಕಿನಿಂದ ತೆಗೆದು ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ನಂಬರಿನ ಮೇಲೆ ಹೆಬ್ಬೆರಳು! ಪಕ್ಕದ ಮನೆ ಹುಡುಗನನ್ನು ಕರೆಸಿ, ಜಗಲಿಗೆ ತಂದು ಬಿಸಿಲಲ್ಲಿ ಇಟ್ಟು ಇನ್ನೊಮ್ಮೆ ತೆಗೆಸಿದೆವು. ಅದರ ಮೇಲೆಯೇ ಅವರ ಅರ್ಜಿ ನಡೆಯಿತು. ಅದಕ್ಕೇ ಹೇಳುವುದು, ರದ್ದಾದ ಪಾಸ್‌ಪೋರ್ಟನ್ನು ರದ್ದಿಗೆ ಹಾಕಬೇಡಿ.

ಹೊಸ ಪಾಸ್‌ಪೋರ್ಟಿನ ದಾರಿ ಈಗ ಮೊದಲಿಗಿಂತ ಸಸಾರ. 2022ರಿಂದ ಇಲ್ಲಿ ರೆಸಿಡೆನ್ಸಿ ವೀಸಾದ ಸ್ಟಿಕರ್ ಪುಸ್ತಕದೊಳಗೆ ಅಂಟಿಸುವುದಿಲ್ಲ, ಎಮಿರೇಟ್ಸ್ ಐಡಿಯೇ ಸಾಕು. ಪಾಸ್‌ಪೋರ್ಟ್ ಹೋದರೆ ವೀಸಾನೂ ಹೋಯಿತು ಅನ್ನುವ ಭಯ ಹಾಗಾಗಿ ಕಮ್ಮಿ. ಪೊಲೀಸ್ ರಿಪೋರ್ಟ್, ಅರ್ಜಿ, ಬಿಳಿ ಹಿನ್ನೆಲೆಯ ಫೋಟೋ. ಇದರಲ್ಲಿ ಹೇಳುವಂಥದ್ದು ಜಾಸ್ತಿ ಏನಿಲ್ಲ.

ಹೆಸರಿನ ಗೋಳು ಮಾತ್ರ ನಮ್ಮವರದ್ದೇ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥ ಕೆ., ಆಧಾರಿನಲ್ಲಿ ಊರಿನ ಹೆಸರೂ ಸೇರಿದೆ, ಪಾಸ್‌ಪೋರ್ಟಿನಲ್ಲಿ ಬರೀ ಮಂಜುನಾಥ, ಸರ್‌ನೇಮ್ ಖಾಲಿ. 2022ರ ನವೆಂಬರಿನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಅಂದಾಗ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ನಡೆಯುತ್ತದೆ ಅಂತ ಆಮೇಲೆ ಸಡಿಲಿಸಿದರು. ಆದರೂ ಊರಲ್ಲೇ ಇದ್ದಾಗ ಇನಿಷಿಯಲ್ ಇದ್ದ ಕಡೆ ಪೂರ್ತಿ ಹೆಸರು ಬರೆಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲಿಂದ ಹೆಸರು ತಿದ್ದಿಸುವುದು ಎರಡು ಪಟ್ಟು ಓಡಾಟ.

ಕಾನ್ಸುಲೇಟಿಗೆ ಬೈಯುವವರನ್ನು ದಿನಾ ನೋಡುತ್ತೇನೆ. ಕೆಲವು ಬೈಗುಳ ನ್ಯಾಯವೇ. ಆದರೆ ದಂಡ ಮನ್ನಾ ಮಾಡುವುದು, ಜೈಲಿನಿಂದ ಬಿಡಿಸುವುದು, ಕೆಲಸ ಬಿಟ್ಟು ಓಡಿಹೋಗಿದ್ದಾನೆ ಅಂತ ಮಾಲೀಕ ಹಾಕಿದ ಅಬ್‌ಸ್ಕಾಂಡಿಂಗ್ ಕೇಸ್ ತೆಗೆಸುವುದು ಅವರ ಕೈಯಲ್ಲಿ ಇಲ್ಲ. ಕೈಯಲ್ಲಿ ಇರುವುದನ್ನು ಕೇಳುವವರು ಕಮ್ಮಿ. ಟಿಕೆಟ್ಟಿಗೂ ಗತಿಯಿಲ್ಲದವನಿಗೆ 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ನಾವು ಕಾನ್ಸುಲರ್ ಸೇವೆಗೆ ಕೊಡುವ ಶುಲ್ಕದ ಜೊತೆ ಒಂದಿಷ್ಟು ಆ ನಿಧಿಗೆ ಹೋಗುತ್ತದೆ. ಅಂದಮೇಲೆ ಕೇಳಲು ಸಂಕೋಚ ಯಾಕೆ? ಅರ್ಜಿ ಎಲ್ಲಿಗೆ ಬಂತು ಅಂತ ಗೊತ್ತಾಗದಿದ್ದರೆ ಭಾರತದ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ದೂರು ಹಾಕಬಹುದು. ಊರಲ್ಲಿರುವ ಮನೆಯವರೂ ಹಾಕಬಹುದು.

ಔಟ್‌ಪಾಸ್ ಕೈಗೆ ಬಂದ ತಕ್ಷಣ ನಾನು ಅದರ ಎಲ್ಲ ಪುಟಗಳ ಫೋಟೋ ತೆಗೆಸಿ ಮನೆಯವರಿಗೂ ಕಳಿಸುತ್ತೇನೆ. ಊರಲ್ಲಿ ಇಳಿದ ಮೇಲೆ ಆ ಕಾಗದ ಅವನ ಹತ್ತಿರವೇ ಉಳಿಯುತ್ತದೆ ಅಂತ ನಂಬುವ ಹಾಗಿಲ್ಲ. ಮುಂದೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಎಮರ್ಜೆನ್ಸಿ ಸರ್ಟಿಫಿಕೇಟಿನಲ್ಲಿ ಯಾವತ್ತಾದರೂ ವಾಪಸ್ ಬಂದಿದ್ದೀರಾ ಅಂತ ಕೇಳುತ್ತಾರೆ. ಹೌದು ಅಂತಲೇ ಬರೆಯಬೇಕು. ಅದರ ನಂಬರ್, ಕೊಟ್ಟ ತಾರೀಖು, ಕೊಟ್ಟ ಕಚೇರಿ, ಮೂರನ್ನೂ ತುಂಬಬೇಕು.